ಗುಳಿಗೆ ಚೀಲ ಹಿಡಿದು ವಿಮಾನ ಹತ್ತುವ ಮೊದಲು

ವಿದೇಶಕ್ಕೆ ಹೊರಡುವ ವಿಮಾನದ ದಿನಕ್ಕೆ ಇನ್ನೂ ನಾಲ್ಕೈದು ವಾರ ಇರುವಾಗಲೇ ಮನೆಯಲ್ಲಿರುವ ಔಷಧವನ್ನೆಲ್ಲ ಒಂದು ಚಾಪೆಯ ಮೇಲೆ ತಂದು ಹರವಿ. ಶುಗರ್ ಗುಳಿಗೆ, ಬಿ.ಪಿ. ಗುಳಿಗೆ ಅಷ್ಟೇ ಅಲ್ಲ. ಫ್ರಿಜ್ಜಿನ ಬಾಗಿಲಲ್ಲಿಟ್ಟ ಇನ್ಸುಲಿನ್, ಕಪಾಟಿನೊಳಗಿನ ತ್ರಿಫಲಾ ಚೂರ್ಣ, ಮೊಣಕಾಲಿಗೆ ಹಚ್ಚುವ ಎಣ್ಣೆ, ಅರ್ಧ ಉಳಿದ ಕೆಮ್ಮಿನ ಔಷಧ, ನಿದ್ದೆ ಬಾರದ ರಾತ್ರಿಗೆಂದು ತೆಗೆದಿಟ್ಟ ಗುಳಿಗೆ, ವಾರಕ್ಕೊಮ್ಮೆ ನುಂಗುವ ಡಿ ವಿಟಮಿನ್, ಮಗನಿಗೆ ಒಯ್ಯಬೇಕೆಂದಿರುವ ಪ್ರೋಟೀನ್ ಪುಡಿ, ಎಲ್ಲವೂ ಬರಲಿ.

ನಾನು ಹುಬ್ಬಳ್ಳಿಯಲ್ಲಿ ಫಾರ್ಮಾಸಿಸ್ಟ್. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ಧಾರವಾಡದ ತಾಯಂದಿರು, ಉಮ್ರಾಕ್ಕೆ ಹೊರಟ ಹಳೇ ಹುಬ್ಬಳ್ಳಿಯ ಹಿರಿಯರು, ದುಬೈ ಕೆಲಸಕ್ಕೆ ಹೊರಟ ಹಾವೇರಿ ಕಡೆಯ ಹುಡುಗರು ನಮ್ಮ ಅಂಗಡಿಗೆ ಬರುವುದು ಬಹುಮಟ್ಟಿಗೆ ಹೊರಡುವ ಹಿಂದಿನ ಸಂಜೆ. "ಆರು ತಿಂಗಳದ್ದು ಒಮ್ಮೆ ಕಟ್ಟಿ ಕೊಟ್ಟುಬಿಡ್ರಿ" ಅನ್ನುತ್ತಾರೆ. ಗುಳಿಗೆ ಕಟ್ಟಿಕೊಡುವುದು ಹತ್ತು ನಿಮಿಷದ ಕೆಲಸ. ಆದರೆ ಅದರೊಳಗೊಂದು ಆ ದೇಶದಲ್ಲಿ ನಿರ್ಬಂಧವಿರುವ ಔಷಧ ಇದ್ದರೆ ಆ ಸಂಜೆ ಯಾರೂ ಏನೂ ಮಾಡಲಾಗುವುದಿಲ್ಲ. ಡಾಕ್ಟರು ಬೇರೆ ಗುಳಿಗೆಗೆ ಬದಲಿಸಿ, ಅದು ಮೈಗೆ ಒಗ್ಗಿತೋ ಇಲ್ಲವೋ ನೋಡಲು ವಾರಗಳು ಬೇಕು. ಸರ್ಕಾರಿ ಅನುಮತಿ ಪತ್ರ ತರಿಸಲೂ ವಾರಗಳು ಬೇಕು. ಆದ್ದರಿಂದಲೇ ಚಾಪೆಯನ್ನು ಈಗಲೇ ಹಾಸಿ ಎನ್ನುತ್ತಿದ್ದೇನೆ.

ಮೊದಲ ಹೆಜ್ಜೆ: ಒಳಗೇನಿದೆ ಎಂದು ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಪ್ರತಿ ಸ್ಟ್ರಿಪ್‌ನ ಹಿಂಬದಿ ಸಣ್ಣ ಅಕ್ಷರದಲ್ಲಿರುವ ಕಂಟೆಂಟ್, ಅಂದರೆ ಒಳಗಿರುವ ಔಷಧದ ಹೆಸರನ್ನು ಬರೆಯಿರಿ. ದೊಡ್ಡ ಅಕ್ಷರದ ಕಂಪನಿ ಹೆಸರು ನಮ್ಮೂರಿನ ಅಂಗಡಿಗೆ ಮಾತ್ರ ಅರ್ಥವಾಗುತ್ತದೆ. ಗಡಿ ದಾಟಿದರೆ ಅದಕ್ಕೆ ಬೆಲೆಯಿಲ್ಲ. ಒಂದೇ ಗುಳಿಗೆಯಲ್ಲಿ ಎರಡು ಮೂರು ಔಷಧ ಬೆರೆಸಿರುವುದು ನಮ್ಮ ದೇಶದಲ್ಲಿ ತುಂಬ ಸಾಮಾನ್ಯ. ಪ್ರತಿಯೊಂದನ್ನೂ, ಎಷ್ಟು ಮಿಲಿಗ್ರಾಂ ಎಂಬುದನ್ನೂ ಬರೆಯಿರಿ. ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರವಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ, ಇಲ್ಲವೇ ಅಂಗಡಿಯವರನ್ನು ಕೇಳಿ. ಇದನ್ನು ಹೇಳಿಕೊಡುವುದು ಫಾರ್ಮಾಸಿಸ್ಟ್ ಕೆಲಸವೇ, ಸಂಕೋಚ ಬೇಡ.

ಹೀಗೆ ಬರೆಯುವಾಗ ಹೆಚ್ಚಿನವರಿಗೆ ಅಚ್ಚರಿ ತರುವುದು ಕಾಲುರಿ ಗುಳಿಗೆ. ಶುಗರ್ ಹಳೆಯದಾದವರಿಗೆ ಪಾದ ಉರಿ, ಜೋಮು ಬರುತ್ತದೆ. ಅದಕ್ಕೆ ಕೊಡುವ ಗುಳಿಗೆಯನ್ನು "ನರದ್ ಶಕ್ತಿ ಗುಳಿಗಿ ರೀ, ವಿಟಮಿನ್ನು" ಎಂದೇ ಎಷ್ಟೋ ಹಿರಿಯರು ಹೇಳುತ್ತಾರೆ. ಹಿಂದೆ ತಿರುಗಿಸಿ ನೋಡಿದರೆ ಮಿಥೈಲ್‌ಕೋಬಾಲಮಿನ್ ಜೊತೆ ಪ್ರೆಗಾಬಲಿನ್ ಅಥವಾ ಗಬಾಪೆಂಟಿನ್ ಇರುತ್ತದೆ. ಮೊದಲನೆಯದು ಬಿ12 ವಿಟಮಿನ್, ಅದಕ್ಕೆ ಎಲ್ಲಿಯೂ ತೊಂದರೆಯಿಲ್ಲ. ಪ್ರೆಗಾಬಲಿನ್ ಮಾತ್ರ ಯುಎಇ, ಸೌದಿ ಅರೇಬಿಯಾಗಳಲ್ಲಿ ನಿಯಂತ್ರಿತ ಔಷಧ. ಬ್ರಿಟನ್ನಿನಲ್ಲಿ 2019ರ ಏಪ್ರಿಲ್‌ನಿಂದ ಪ್ರೆಗಾಬಲಿನ್, ಗಬಾಪೆಂಟಿನ್ ಎರಡೂ ನಿಯಂತ್ರಿತ ಪಟ್ಟಿಯಲ್ಲಿವೆ. ನಮ್ಮಲ್ಲಿ ನಿದ್ದೆ ಗುಳಿಗೆ, ನೋವಿನ ಗುಳಿಗೆ ಟ್ರಾಮಡಾಲ್ ಮುಂತಾದವುಗಳ ಸ್ಟ್ರಿಪ್ ಮೇಲೆ ಎಡಮೂಲೆಯಲ್ಲಿ ಕೆಂಪು ಬಣ್ಣದಲ್ಲಿ 'ಎನ್‌ಆರ್‌ಎಕ್ಸ್' ಎಂಬ ಗುರುತು ಇರುತ್ತದೆ. ಅದನ್ನು ಕಂಡರೆ ಯಾರಾದರೂ ಎಚ್ಚರಾಗುತ್ತಾರೆ. ಪ್ರೆಗಾಬಲಿನ್‌ಗೆ ಆ ಗುರುತಿಲ್ಲ, ಉಳಿದ ಗುಳಿಗೆಗಳಂತೆಯೇ ಕಾಣುತ್ತದೆ. ಆದ್ದರಿಂದ ಗುರುತನ್ನು ನಂಬಿ ಕೂರದೆ ಕಂಟೆಂಟ್ ಓದಲೇಬೇಕು.

ಪಟ್ಟಿಯಲ್ಲಿ ಈ ಹೆಸರುಗಳಲ್ಲಿ ಯಾವುದಾದರೂ ಬಂದರೆ ಪಕ್ಕದಲ್ಲಿ ಒಂದು ಗುಂಡು ಸುತ್ತಿ: ಟ್ರಾಮಡಾಲ್, ಕೋಡೀನ್, ಮಾರ್ಫಿನ್, ಅಲ್‌ಪ್ರಜೋಲಾಮ್, ಕ್ಲೊನಾಜೆಪಾಮ್, ಡಯಾಜೆಪಾಮ್, ಜೋಲ್ಪಿಡೆಮ್, ಪ್ರೆಗಾಬಲಿನ್, ಗಬಾಪೆಂಟಿನ್, ಮಿಥೈಲ್‌ಫೆನಿಡೇಟ್, ಸ್ಯೂಡೋಎಫೆಡ್ರಿನ್. ಟ್ರಾಮಡಾಲ್ ಒಂಟಿಯಾಗಿ ಬರುವುದಕ್ಕಿಂತ ಪ್ಯಾರಾಸಿಟಮಾಲ್ ಜೊತೆ ಸೇರಿ ಬರುವುದೇ ಹೆಚ್ಚು, ಮೊಣಕಾಲು-ಸೊಂಟದ ನೋವಿಗೆ ಬರೆಯುತ್ತಾರೆ. ಕೋಡೀನ್ ಕೆಲವು ಕೆಮ್ಮಿನ ಔಷಧಗಳಲ್ಲಿದೆ. ಸ್ಯೂಡೋಎಫೆಡ್ರಿನ್ ಕೆಲವು ನೆಗಡಿ ಗುಳಿಗೆಗಳಲ್ಲಿದೆ.

ಎರಡನೆಯದು: ಹೋಗುವ ದೇಶ, ನಡುವೆ ಇಳಿಯುವ ದೇಶ

ಹುಬ್ಬಳ್ಳಿಯಿಂದ ನೇರ ವಿದೇಶಿ ವಿಮಾನವಿಲ್ಲ. ಗೋಕುಲ ರಸ್ತೆಯ ನಿಲ್ದಾಣದಿಂದ ಬೆಂಗಳೂರಿಗೋ ಮುಂಬೈಗೋ ಹೋಗಿ, ಅಲ್ಲಿಂದ ಮುಂದೆ. ಅಮೆರಿಕ, ಯುರೋಪಿಗೆ ಹೋಗುವವರು ಅನೇಕರು ದುಬೈ, ಅಬುಧಾಬಿ ಅಥವಾ ದೋಹಾದಲ್ಲಿ ವಿಮಾನ ಬದಲಿಸುತ್ತಾರೆ. ಕೈಚೀಲದಲ್ಲಿ ನಿಯಂತ್ರಿತ ಔಷಧವಿದ್ದರೆ ನಡುವಿನ ಆ ದೇಶದ ನಿಯಮವೂ ನಿಮಗೆ ಅನ್ವಯಿಸಬಹುದು. ಟಿಕೆಟ್ ತೆಗೆಸುವಾಗಲೇ ಇದನ್ನು ಯೋಚಿಸಿ. ಗುಂಡು ಸುತ್ತಿದ ಔಷಧ ಬಿಡಲಾಗದವರಿಗೆ ಕೊಲ್ಲಿ ದೇಶ ತಪ್ಪಿಸಿ ಹೋಗುವ ವಿಮಾನ ನಾಲ್ಕು ಸಾವಿರ ಹೆಚ್ಚಾದರೂ ಒಳ್ಳೆಯದೆಂದೇ ನನ್ನ ಅಭಿಪ್ರಾಯ.

ಯುಎಇಗೆ ನಿಯಂತ್ರಿತ ಔಷಧ ಒಯ್ಯಬೇಕಾದರೆ ಹೊರಡುವ ಮೊದಲೇ ಅಲ್ಲಿಯ ಸರ್ಕಾರದ ಜಾಲತಾಣದಲ್ಲಿ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಡಾಕ್ಟರ ಚೀಟಿ, ವೈದ್ಯಕೀಯ ವರದಿ, ಪಾಸ್‌ಪೋರ್ಟ್ ಪ್ರತಿ ಕೇಳುತ್ತಾರೆ. ಸಿಂಗಾಪುರದಲ್ಲಿ ನಿದ್ದೆ ಗುಳಿಗೆ, ಕೋಡೀನ್ ಬಗೆಯವಕ್ಕೆ ಅಲ್ಲಿಯ ಆರೋಗ್ಯ ವಿಜ್ಞಾನ ಪ್ರಾಧಿಕಾರದ ಒಪ್ಪಿಗೆ ಬೇಕು. ಜಪಾನ್ ಇನ್ನೂ ಬಿಗಿ. ಶೇ. 10ಕ್ಕಿಂತ ಹೆಚ್ಚು ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಔಷಧಕ್ಕೇ ಅಲ್ಲಿ ಪ್ರವೇಶವಿಲ್ಲ. ಸಾಮಾನ್ಯ ಚೀಟಿ ಔಷಧವನ್ನೂ ಒಂದು ತಿಂಗಳಿಗಿಂತ ಹೆಚ್ಚು ಒಯ್ಯಬೇಕಾದರೆ 'ಯುನ್ಯು ಕಾಕುನಿನ್‌ಶೋ' ಎಂಬ ಪ್ರಮಾಣಪತ್ರವನ್ನು ಮೊದಲೇ ತರಿಸಿಕೊಳ್ಳಬೇಕು. ಅಮೆರಿಕದಲ್ಲಿ ಸ್ವಂತ ಬಳಕೆಗೆ 90 ದಿನದಷ್ಟು ಎಂಬುದು ಪಾಲಿಸುತ್ತಿರುವ ಮಿತಿ, ಆಸ್ಟ್ರೇಲಿಯಾದಲ್ಲಿ ಮೂರು ತಿಂಗಳು. ಆಸ್ಟ್ರೇಲಿಯಾಕ್ಕೆ ಇಳಿಯುವಾಗ ಕೊಡುವ ಕಾರ್ಡಿನಲ್ಲಿ ಔಷಧ ಇದೆ ಎಂದು ಗುರುತು ಹಾಕಬೇಕು. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಹೊರಡುವ ತಿಂಗಳಲ್ಲಿ ಆಯಾ ದೇಶದ ರಾಯಭಾರ ಕಚೇರಿಯ ಅಥವಾ ಆರೋಗ್ಯ ಇಲಾಖೆಯ ಜಾಲತಾಣ ನೋಡಿಯೇ ನಿರ್ಧರಿಸಿ. ಹೋಗಿ ಬಂದ ನೆರೆಮನೆಯವರ ಮಾತು ಅವರ ಗುಳಿಗೆಗೆ ಮಾತ್ರ ನಿಜ.

ಇದನ್ನು ಹೆದರಿಸಲು ಹೇಳುತ್ತಿಲ್ಲ. 2017ರಲ್ಲಿ ಬ್ರಿಟನ್ನಿನ ಮಹಿಳೆಯೊಬ್ಬರು ಬೆನ್ನುನೋವಿದ್ದ ತಮ್ಮವರಿಗೆಂದು 290 ಟ್ರಾಮಡಾಲ್ ಗುಳಿಗೆ ಹಿಡಿದು ಈಜಿಪ್ಟಿಗೆ ಇಳಿದರು. ಅಲ್ಲಿಯ ನ್ಯಾಯಾಲಯ ಮೂರು ವರ್ಷ ಜೈಲು ವಿಧಿಸಿತು. ಊರಿನಲ್ಲಿ ಚೀಟಿ ತೋರಿಸಿ ಕೊಳ್ಳುವ ಗುಳಿಗೆಯೇ ಅದು. ನಮ್ಮ ದೇಶವೂ 2018ರಲ್ಲಿ ಟ್ರಾಮಡಾಲ್ ಅನ್ನು ಮಾದಕ ವಸ್ತು ಕಾಯ್ದೆಯಡಿ ತಂದಿದೆ.

ಇದರ ಜೊತೆಗೇ ಹೇಳಬೇಕಾದ ಮಾತು: ಬೇರೆಯವರ ಪೊಟ್ಟಣ ಒಯ್ಯಬೇಡಿ. "ನಮ್ಮ ಹುಡುಗಗ ಇಷ್ಟು ಔಷಧ ಮುಟ್ಟಿಸಿಬಿಡ್ರಿ ಅಣ್ಣಾರ" ಎಂದರೆ ಇಲ್ಲವೆನ್ನಲು ನಮ್ಮ ಕಡೆಯವರಿಗೆ ಬಾಯಿ ಬರುವುದಿಲ್ಲ, ಅದು ನನಗೆ ಗೊತ್ತು. ಮುಂಬೈಯ ದಂಪತಿಯೊಬ್ಬರು 2019ರಲ್ಲಿ ಸಂಬಂಧಿಕರೊಬ್ಬರು ಕೊಟ್ಟ ಪೊಟ್ಟಣವನ್ನು ಕತಾರ್‌ಗೆ ಒಯ್ದರು. ಅದರಲ್ಲಿ ಚರಸ್ ಇತ್ತು. ತಪ್ಪಿಲ್ಲವೆಂದು ಸಾಬೀತಾಗಿ ಅವರು ಊರಿಗೆ ಮರಳಿದ್ದು 2021ರಲ್ಲಿ, ಅಲ್ಲಿಯವರೆಗೆ ಜೈಲು. ಔಷಧವೇ ಆಗಿದ್ದರೂ ನಿಮ್ಮ ಹೆಸರಿನ ಚೀಟಿಯಿಲ್ಲದ ಔಷಧ ನಿಮ್ಮ ಚೀಲದಲ್ಲಿರುವುದೇ ತಪ್ಪಾಗುತ್ತದೆ.

ಮೂರನೆಯದು: ಡಾಕ್ಟರ ಪತ್ರ

ಹಾಳೆ ಹಿಡಿದು ನಿಮ್ಮ ಡಾಕ್ಟರ ಬಳಿ ಹೋಗಿ. ಗುಂಡು ಸುತ್ತಿದ ಔಷಧಗಳಿಗೆ ಬದಲಿ ಇದೆಯೇ ಎಂದು ಮೊದಲು ಕೇಳಿ. ಕಾಲುರಿಗೆ, ನಿದ್ದೆಗೆ ನಿರ್ಬಂಧವಿಲ್ಲದ ಬೇರೆ ಔಷಧಗಳಿವೆ; ನಿಮಗೆ ಹೊಂದುತ್ತವೆಯೇ ಎಂಬುದನ್ನು ಅವರು ಹೇಳಬೇಕು. ಪ್ರೆಗಾಬಲಿನ್, ಕ್ಲೊನಾಜೆಪಾಮ್ ಬಗೆಯವನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ದಿನಾ ತೆಗೆದುಕೊಳ್ಳುತ್ತಿದ್ದವರು ಥಟ್ಟನೆ ಬಿಟ್ಟರೆ ನಡುಕ, ನಿದ್ರಾಹೀನತೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಧಾರವಾಡದ ಡಿಮ್ಹಾನ್ಸ್‌ನಲ್ಲಿ ಮಾನಸಿಕ ಆರೋಗ್ಯದ ಚಿಕಿತ್ಸೆ ಪಡೆಯುತ್ತಿರುವವರು ಈ ಭೇಟಿಯನ್ನು ಎಲ್ಲರಿಗಿಂತ ಮೊದಲೇ ಇಟ್ಟುಕೊಳ್ಳಿ. ಹೊರದೇಶದಲ್ಲಿ ಹೇಳಲು ನಾಚಿಕೆ ಎಂದು ಆ ಗುಳಿಗೆಗಳನ್ನು ಮನೆಯಲ್ಲಿ ಬಿಟ್ಟು ಹೋಗುವುದು, ಚೀಟಿಯಿಲ್ಲದೆ ಒಯ್ಯುವುದು ಎರಡೂ ಅಪಾಯ.

ಪತ್ರ ಲೆಟರ್‌ಹೆಡ್ ಮೇಲೆ, ಇಂಗ್ಲಿಷಿನಲ್ಲಿ, ಟೈಪ್ ಮಾಡಿದ್ದಾಗಿರಲಿ. ಕಾಯಿಲೆಯ ಹೆಸರು, ಪ್ರತಿ ಔಷಧದ ಕಂಟೆಂಟ್ ಹೆಸರು, ಮಿಲಿಗ್ರಾಂ, ದಿನಕ್ಕೆಷ್ಟು, ಒಯ್ಯುತ್ತಿರುವ ಒಟ್ಟು ಎಷ್ಟು, ಇನ್ಸುಲಿನ್ ಇದ್ದರೆ ಸೂಜಿ ಅಗತ್ಯ ಎಂಬ ಒಂದು ಸಾಲು, ಡಾಕ್ಟರ ಸಹಿ, ಸೀಲು, ನೋಂದಣಿ ಸಂಖ್ಯೆ ಇರಬೇಕು. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಸಿ. 04-05 ಎಂದು ಬರೆದರೆ ನಮಗೆ ಮೇ 4, ಅಮೆರಿಕದವರಿಗೆ ಏಪ್ರಿಲ್ 5.

ಹೆಸರಿನ ವಿಚಾರ ನಮ್ಮ ಭಾಗದಲ್ಲಿ ದೊಡ್ಡದು. ಆಸ್ಪತ್ರೆ ಚೀಟಿಯ ಮೇಲೆ ಬರೀ 'ಶಾಂತವ್ವ, 64' ಎಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು, ಅಡ್ಡಹೆಸರು ಸೇರಿ ಮೂರು ಪದ. ಅಡ್ಡಹೆಸರಿನ ಅಕ್ಷರ ಒಂದೊಂದು ಕಡೆ ಒಂದೊಂದು ತರ. ಪತ್ರ, ಚೀಟಿ, ಅಂಗಡಿಯ ಬಿಲ್ಲು ಮೂರರಲ್ಲೂ ಪಾಸ್‌ಪೋರ್ಟಿನಲ್ಲಿರುವ ಹೆಸರೇ, ಅದೇ ಅಕ್ಷರಗಳಲ್ಲಿ ಇರುವಂತೆ ನೋಡಿಕೊಳ್ಳಿ. ಡಾಕ್ಟರ ಬಳಿ ಹೋಗುವಾಗ ಪಾಸ್‌ಪೋರ್ಟಿನ ಪ್ರತಿಯನ್ನೇ ಒಯ್ದರೆ ಸುಲಭ. ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದೇ ಜನ ಕರೆಯುವ ಸರ್ಕಾರಿ ಆಸ್ಪತ್ರೆ, ಗದಗದ ಜಿಮ್ಸ್, ಹಾವೇರಿಯ ಜಿಲ್ಲಾಸ್ಪತ್ರೆಯಲ್ಲಿ ತೋರಿಸುವವರಿಗೆ ಹೊರರೋಗಿ ಚೀಟಿ ಮಾತ್ರ ಸಿಗುತ್ತದೆ. ಪ್ರಯಾಣದ ಪತ್ರ ಬೇಕೆಂದು ಕೇಳಿ ಬರೆಸಿಕೊಳ್ಳಬೇಕು.

ನಾಲ್ಕನೆಯದು: ಎಷ್ಟು ಕೊಳ್ಳಬೇಕು, ಹೇಗೆ

ಪೂರ್ತಿ ಸ್ಟ್ರಿಪ್ ಕೊಳ್ಳಿ. ನಾವು ಅಂಗಡಿಯವರು ನಾಲ್ಕು ಗುಳಿಗೆ ಕತ್ತರಿಸಿ ಕೊಡುವಾಗ ಹೆಸರೋ ಎಕ್ಸ್‌ಪೈರಿ ದಿನಾಂಕವೋ ಇನ್ನೊಂದು ತುಂಡಿನಲ್ಲಿ ಉಳಿದುಹೋಗುತ್ತದೆ. ಅಂಥ ತುಂಡು ಗಡಿಯಲ್ಲಿ ಹೆಸರಿಲ್ಲದ ಗುಳಿಗೆ. ಕಾಗದದ ಲಕೋಟೆಯಲ್ಲಿ ಬಿಡಿ ಗುಳಿಗೆ ಒಯ್ಯಲೇಬೇಡಿ. ಜನೌಷಧಿ ಕೇಂದ್ರದ ಔಷಧವೂ ಧಾರಾಳವಾಗಿ ಒಯ್ಯಬಹುದು. ಅದರ ಸ್ಟ್ರಿಪ್ ಮೇಲೆ ಕಂಟೆಂಟ್ ಹೆಸರೇ ದೊಡ್ಡದಾಗಿ ಇರುವುದರಿಂದ ಒಂದು ಲೆಕ್ಕಕ್ಕೆ ಅದೇ ಅನುಕೂಲ. ಎಕ್ಸ್‌ಪೈರಿ ನೀವು ತಿರುಗಿ ಬರುವ ತಿಂಗಳನ್ನೂ ದಾಟಿರಲಿ. ಬಿಲ್ಲು ಎಸೆಯಬೇಡಿ. ಬೆಳಿಗ್ಗೆ-ಮಧ್ಯಾಹ್ನ-ರಾತ್ರಿ ಎಂದು ಖಾನೆಗಳಿರುವ ಡಬ್ಬಿಯನ್ನು ಖಾಲಿಯಾಗಿಯೇ ಒಯ್ದು, ಮಗನ ಮನೆ ಮುಟ್ಟಿದ ಮೇಲೆ ತುಂಬಿಕೊಳ್ಳಿ.

ಆರು ತಿಂಗಳು ಅಮೆರಿಕದಲ್ಲಿ ಇರಲು ಹೋಗುವವರ ಪ್ರಶ್ನೆ ಒಂದೇ: 90 ದಿನದ್ದು ಮುಗಿದ ಮೇಲೆ? ಕೆಲವರು ಆರು ತಿಂಗಳದ್ದೂ ಒಯ್ಯುತ್ತಾರೆ, ಯಾರೂ ಕೇಳಲಿಲ್ಲ ಎಂದೂ ಬಂದು ಹೇಳುತ್ತಾರೆ. ಅದನ್ನು ನಂಬಿ ಪ್ರಯಾಣ ಯೋಜಿಸುವುದು ನನಗೆ ಸರಿ ಕಾಣುವುದಿಲ್ಲ. ಮೂರು ತಿಂಗಳದ್ದು ಒಯ್ದು, ಉಳಿದದ್ದಕ್ಕೆ ಎರಡು ದಾರಿ ಇಟ್ಟುಕೊಳ್ಳಿ. ಒಂದು, ಅಲ್ಲಿಯ ಡಾಕ್ಟರಿಗೆ ತೋರಿಸಿ ಚೀಟಿ ಬರೆಸುವುದು. ಮೆಟ್‌ಫಾರ್ಮಿನ್, ಆಮ್ಲೊಡಿಪಿನ್, ಥೈರಾಯ್ಡಿನ ಲೀವೊಥೈರಾಕ್ಸಿನ್‌ನಂಥ ಹಳೆಯ ಗುಳಿಗೆಗಳು ಅಲ್ಲಿಯೂ ಅಷ್ಟೇನೂ ದುಬಾರಿಯಲ್ಲ. ಇನ್ನೊಂದು, ಡಾಕ್ಟರ ಪತ್ರ, ಚೀಟಿ, ಪಾಸ್‌ಪೋರ್ಟ್-ವೀಸಾ ಪ್ರತಿಗಳನ್ನು ಜೊತೆಗಿಟ್ಟು ಊರಿನಿಂದ ಕೊರಿಯರ್ ತರಿಸುವುದು. ಇದು ಕಸ್ಟಮ್ಸ್‌ನಲ್ಲಿ ನಿಂತು ತಡವಾಗುವುದುಂಟು, ಆದ್ದರಿಂದ ಗುಳಿಗೆ ಮುಗಿಯುವವರೆಗೆ ಕಾಯಬೇಡಿ.

ಮೊದಲ ದಾರಿಯಲ್ಲಿ ಒಂದು ತೊಡಕಿದೆ. ನಮ್ಮಲ್ಲಿ ದಿನನಿತ್ಯ ಬರೆಯುವ ಎಷ್ಟೋ ಔಷಧಗಳು ಅಮೆರಿಕದಲ್ಲಿ ಸಿಗುವುದೇ ಇಲ್ಲ. ಶುಗರಿನ ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್, ಗ್ಲಿಕ್ಲಜೈಡ್, ವೊಗ್ಲಿಬೋಸ್, ಬಿ.ಪಿ.ಯ ಸಿಲ್ನಿಡಿಪಿನ್, ಜ್ವರ-ನೋವಿನ ನಿಮೆಸುಲೈಡ್ ಇವಕ್ಕೆ ಅಲ್ಲಿ ಮಾನ್ಯತೆಯಿಲ್ಲ. ಹೊಟ್ಟೆ ಉಬ್ಬರಕ್ಕೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಕ್ಯಾಪ್ಸೂಲ್‌ನಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಇರುತ್ತದಲ್ಲ, ಆ ಡೊಂಪೆರಿಡೋನ್‌ಗೂ ಅಲ್ಲಿ ಮಾನ್ಯತೆಯಿಲ್ಲ. ಇಂಥವು ಪಟ್ಟಿಯಲ್ಲಿದ್ದರೆ ಹೊರಡುವ ಮೊದಲೇ ಡಾಕ್ಟರಿಗೆ ಹೇಳಿ, ಅಲ್ಲಿ ಸಿಗುವ ಬದಲಿ ಔಷಧ ಯಾವುದು ಎಂದು ಪತ್ರದ ಕೆಳಗೆ ಬರೆಸಿಕೊಳ್ಳಿ. ಹೆಸರೇ ಬೇರೆಯಾಗಿರುವವೂ ಕೆಲವು: ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೋಫೆನ್, ಉಬ್ಬಸದ ಸಾಲ್ಬುಟಮಾಲ್ ಅಲ್ಲಿ ಅಲ್ಬುಟೆರಾಲ್. ಇದು ತಿಳಿಯದೆ ಎರಡು ಹೆಸರಿನಲ್ಲಿ ಒಂದೇ ಜ್ವರದ ಗುಳಿಗೆ ನುಂಗಿದರೆ ಲಿವರ್‌ಗೆ ಹೊಡೆತ.

ಆಯುರ್ವೇದ, ಟಾನಿಕ್, ಪುಡಿಗಳು

'ಇದು ಬರೀ ಗಿಡಮೂಲಿಕೆ, ಯಾರು ಏನಂತಾರೆ' ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹುಬ್ಬಳ್ಳಿ, ಗದಗಗಳಲ್ಲಿ ಹಳೆಯ ಆಯುರ್ವೇದ ಕಾಲೇಜುಗಳಿವೆ, ಅವುಗಳ ಆಸ್ಪತ್ರೆಯ ಔಷಧ ನಂಬಿದ ಮನೆತನಗಳಿವೆ. ಆ ಔಷಧದ ಗುಣದ ಮಾತಲ್ಲ ಇದು, ಗಡಿಯ ಮಾತು. ಅಶೋಕಾರಿಷ್ಟ, ದ್ರಾಕ್ಷಾಸವದಂಥ ಅರಿಷ್ಟ-ಆಸವಗಳಲ್ಲಿ ಹುದುಗುವಾಗ ತಾನಾಗಿಯೇ ಆಲ್ಕೊಹಾಲ್ ಹುಟ್ಟುತ್ತದೆ, ಬಾಟಲಿಯ ಮೇಲೆ ಬರೆದೇ ಇರುತ್ತದೆ. ಮದ್ಯ ನಿಷೇಧವಿರುವ ಸೌದಿ, ಕುವೈತ್‌ಗಳಿಗೆ ಅದನ್ನು ಒಯ್ಯಬೇಡಿ. ಹಜ್, ಉಮ್ರಾಕ್ಕೆ ಹೊರಟವರು ವಿಶೇಷವಾಗಿ ನೋಡಿಕೊಳ್ಳಿ. 'ವಿಜಯಾ' ಅಥವಾ ಭಂಗಿ ಎಂದು ಲೇಬಲ್ ಮೇಲೆ ಇರುವ ಯಾವುದೇ ಚೂರ್ಣ, ಎಣ್ಣೆ ಗಾಂಜಾ ಗಿಡದಿಂದ ಬಂದದ್ದು. ಪರವಾನಗಿ ಇರುವ ಆಯುರ್ವೇದ ಔಷಧವೇ ಆದರೂ ಊರಲ್ಲೇ ಬಿಡಿ. ಭಸ್ಮ, ರಸೌಷಧಗಳಲ್ಲಿ ಪಾದರಸ, ಸೀಸದಂಥ ಲೋಹಗಳಿರುತ್ತವೆ, ಹಲವು ದೇಶಗಳು ಅವನ್ನು ತಡೆಯುತ್ತವೆ. ಅಶ್ವಗಂಧವನ್ನು ಡೆನ್ಮಾರ್ಕ್ 2023ರಲ್ಲಿ ನಿಷೇಧಿಸಿದೆ. ಜೇನುತುಪ್ಪವಿರುವ ಲೇಹ್ಯ, ಒಣ ಬೇರು-ಬೀಜಗಳನ್ನು ಆಸ್ಟ್ರೇಲಿಯಾದಲ್ಲಿ ತೋರಿಸಿ ಘೋಷಿಸಬೇಕು. ಮನೆಯಲ್ಲಿ ಕುಟ್ಟಿದ ಕಷಾಯ ಪುಡಿಗೆ ಲೇಬಲ್ಲೇ ಇಲ್ಲ, ಅದೇನೆಂದು ಅಲ್ಲಿಯವರಿಗೆ ನಂಬಿಸುವುದು ಕಷ್ಟ.

ಔಷಧವಲ್ಲದ ಒಂದು ವಸ್ತುವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಬಾಣಂತಿಗೆಂದು ಹೊರಟ ಚೀಲದಲ್ಲಿ ಅದು ಇದ್ದೇ ಇರುತ್ತದೆ: ಗಸಗಸೆ. ಅಫೀಮು ಗಿಡದ ಬೀಜವಾದ್ದರಿಂದ ಯುಎಇಯಲ್ಲಿ ಅದು ನಿಷಿದ್ಧ, ಸಿಂಗಾಪುರದಲ್ಲೂ ಬಿಡುವುದಿಲ್ಲ. ಉಂಡಿಯೊಳಗೆ ಉದುರಿಸಿದ್ದೂ ಬೇಡ, ಬಿಡಿಯೂ ಬೇಡ.

ಪುಡಿಗಳಿಗೆ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 2018ರಿಂದ ಒಂದು ನಿಯಮವಿದೆ. 350 ಮಿಲಿಲೀಟರ್‌ಗಿಂತ ಹೆಚ್ಚಿನ ಪುಡಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ, ಔಷಧದ ಪುಡಿಗೆ ವಿನಾಯಿತಿಯಿದೆ. ಪ್ರೋಟೀನ್ ಪುಡಿ, ದೊಡ್ಡ ಡಬ್ಬಿಯ ಚೂರ್ಣ, ಅದರ ಜೊತೆ ಶೇಂಗಾ ಹಿಂಡಿ, ಅಗಸಿ ಹಿಂಡಿ ಎಲ್ಲ ಲಗೇಜಿಗೆ ಹೋಗಲಿ. ಪ್ರೋಟೀನ್ ಪುಡಿಯ ಸೀಲು ಒಡೆದಿರಬಾರದು. ಚ್ಯವನಪ್ರಾಶ ಲೆಕ್ಕಕ್ಕೆ ದ್ರವವೇ, 100 ಮಿಲಿಲೀಟರ್ ಮೀರಿದರೆ ಅದೂ ಲಗೇಜಿಗೆ. ಕ್ಯಾಲ್ಸಿಯಂ, ಡಿ ವಿಟಮಿನ್, ಮೀನೆಣ್ಣೆ ಕ್ಯಾಪ್ಸೂಲ್ ಇವುಗಳ ಬಗ್ಗೆ ಹೆಚ್ಚು ಚಿಂತೆ ಬೇಡ. ಮೂಲ ಡಬ್ಬಿಯಲ್ಲಿದ್ದರೆ ಸಾಕು.

ಕೈಚೀಲ ಕಟ್ಟುವುದು

ಪ್ರಯಾಣದಲ್ಲಿ ಬೇಕಾದ ಔಷಧವಷ್ಟೇ ಅಲ್ಲ, ಒಯ್ಯುವ ಔಷಧವೆಲ್ಲ ಕೈಚೀಲದಲ್ಲೇ ಇರಲಿ. ಲಗೇಜು ಬೇರೆ ಊರಿಗೆ ಹೋಗಿ ನಾಲ್ಕು ದಿನಕ್ಕೆ ಬಂದರೆ ಸೀರೆ ಕೊಳ್ಳಬಹುದು, ಫಿಟ್ಸ್ ಗುಳಿಗೆ ತಕ್ಷಣ ಸಿಗುವುದಿಲ್ಲ. ಗಂಡನ ಔಷಧ ಗಂಡನ ಚೀಲದಲ್ಲಿ, ಹೆಂಡತಿಯದು ಅವರ ಚೀಲದಲ್ಲಿ, ತಮ್ಮ ತಮ್ಮ ಪತ್ರದೊಂದಿಗೆ.

ಇಡೀ ಕೈಚೀಲದೊಳಗೆ ಔಷಧಕ್ಕೆಂದೇ ಒಂದು ಸಣ್ಣ ಪೌಚ್ ಮಾಡಿ, ಪತ್ರಗಳನ್ನೂ ಅದರಲ್ಲೇ ಇಡಿ. ಕಾರಣವಿದೆ. ಹುಬ್ಬಳ್ಳಿಗೆ ಬಂದು ಹೋಗುವ ಸಣ್ಣ ಎಟಿಆರ್ ವಿಮಾನದಲ್ಲಿ ತಲೆಯ ಮೇಲಿನ ಖಾನೆ ಚಿಕ್ಕದು. ಗಾಲಿಯ ಕೈಚೀಲವನ್ನು ಮೆಟ್ಟಿಲ ಬಳಿಯೇ ಇಸಿದುಕೊಂಡು ಕೆಳಗೆ ಹಾಕುವುದುಂಟು. ಆಗ ಗಡಿಬಿಡಿಯಿಲ್ಲದೆ ಪೌಚ್ ಒಂದನ್ನು ಎತ್ತಿಕೊಂಡು ಹತ್ತಬಹುದು. ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ವಿಮಾನ ಹಿಡಿಯುವವರೂ ಪೌಚನ್ನು ಡಿಕ್ಕಿಗೆ ಹಾಕದೆ ಬಳಿಯಲ್ಲೇ ಇಟ್ಟುಕೊಳ್ಳಿ.

ಇನ್ಸುಲಿನ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಳಸುತ್ತಿರುವ ಪೆನ್ ಅಥವಾ ಬಾಟಲಿ 25-30 ಡಿಗ್ರಿಯೊಳಗೆ ಸಾಮಾನ್ಯವಾಗಿ ನಾಲ್ಕು ವಾರ ತಡೆಯುತ್ತದೆ. ನಿಮ್ಮದರ ಅವಧಿಯನ್ನು ಪೆಟ್ಟಿಗೆಯ ಮೇಲೆ ನೋಡಿ. ಬಿಸಿಗಿಂತ ಕೆಟ್ಟದ್ದು ಹೆಪ್ಪುಗಟ್ಟುವುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಂಡರೂ ಅದನ್ನು ನಂಬುವಂತಿಲ್ಲ. ವಿಮಾನದ ಲಗೇಜು ಇಡುವ ಜಾಗ ಬಹಳ ತಣ್ಣಗಾಗಬಹುದು, ಆದ್ದರಿಂದಲೇ ಇನ್ಸುಲಿನ್ ಎಂದಿಗೂ ಲಗೇಜಿನಲ್ಲಿ ಬೇಡ. ಐಸ್ ಪ್ಯಾಕಿಗೆ ನೇರವಾಗಿ ತಾಗಿಸಿಯೂ ಇಡಬೇಡಿ, ನಡುವೆ ದಪ್ಪ ಬಟ್ಟೆ ಸುತ್ತಿ. ನೀರಲ್ಲಿ ನೆನೆಸಿ ಬಳಸುವ ತಂಪು ಪೌಚುಗಳು ಸಿಗುತ್ತವೆ. ನೀರು ಆರುತ್ತಾ ತಂಪು ಕೊಡುವುದು ಅದರ ಗುಟ್ಟು. ಹುಬ್ಬಳ್ಳಿ-ಗದಗದ ಏಪ್ರಿಲ್ ಒಣಗಾಳಿಯಲ್ಲಿ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಗೋವಾ, ಮುಂಬೈಯ ತೇವದ ಹವೆಯಲ್ಲಿ ನೀರು ಬೇಗ ಆರುವುದಿಲ್ಲ, ತಂಪೂ ಕಡಿಮೆ. ಅಲ್ಲಿ ಗಂಟೆಗಟ್ಟಲೆ ಕಾಯುವುದಿದ್ದರೆ ಐಸ್ ಪ್ಯಾಕಿನ ಸಣ್ಣ ಪೆಟ್ಟಿಗೆಯೇ ಮೇಲು. ಎತ್ತರದಲ್ಲಿ ಗಾಳಿಯ ಒತ್ತಡ ಬದಲಾಗುವುದರಿಂದ ಪೆನ್‌ಗೆ ಸೂಜಿ ಸಿಕ್ಕಿಸಿಯೇ ಇಟ್ಟರೆ ಇನ್ಸುಲಿನ್ ಸೋರುತ್ತದೆ, ಗಾಳಿಗುಳ್ಳೆ ಸೇರುತ್ತದೆ. ಚುಚ್ಚಿಕೊಂಡ ಮೇಲೆ ಸೂಜಿ ತೆಗೆದುಬಿಡಿ. ಬಳಸಿದ ಸೂಜಿಗೆ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಿರಲಿ.

ಉಳಿದವು ಸಣ್ಣವು. ಇನ್ಹೇಲರ್ ಕೈಗೆ ಸಿಗುವಂತೆ ಇರಲಿ. ಪಾದರಸದ ಥರ್ಮಾಮೀಟರ್ ಕೈಚೀಲಕ್ಕೆ ಬೇಡ, ಗಟ್ಟಿ ಕವಚದಲ್ಲಿ ಲಗೇಜಿಗೆ ಹೋಗಬೇಕು. ಡಿಜಿಟಲ್ ಒಯ್ಯುವುದೇ ಸರಳ. ಪಾದರಸದ ಬಿ.ಪಿ. ಯಂತ್ರ ಒಯ್ಯುವಂತಿಲ್ಲ. ನೆಬುಲೈಜರ್, ನಿದ್ದೆಯಲ್ಲಿ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರದ ಬಿಡಿ ಬ್ಯಾಟರಿ ಕೈಚೀಲದಲ್ಲೇ. ಸ್ವಂತ ಆಕ್ಸಿಜನ್ ಸಿಲಿಂಡರ್ ಬಿಡುವುದಿಲ್ಲ. ಆಕ್ಸಿಜನ್ ಬೇಕಾದವರು ಟಿಕೆಟ್ ತೆಗೆಸಿದ ದಿನವೇ ವಿಮಾನ ಕಂಪನಿಗೆ ಫೋನ್ ಮಾಡಿ, ಅವರ ವೈದ್ಯಕೀಯ ಫಾರ್ಮನ್ನು ಡಾಕ್ಟರಿಂದ ತುಂಬಿಸಬೇಕು.

ಭದ್ರತಾ ತಪಾಸಣೆಯಲ್ಲಿ

ಅವರು ಕೇಳುವ ಮೊದಲೇ ಹೇಳಿ: "ಸರ್, ಇದರಾಗ ಇನ್ಸುಲಿನ್, ಸೂಜಿ ಅದಾವ್ರಿ, ಡಾಕ್ಟರ್ ಪತ್ರ ಐತಿ." ಪೌಚನ್ನು ಹೊರತೆಗೆದು ಟ್ರೇಯಲ್ಲಿ ಬೇರೆಯಾಗಿ ಇಡಿ. ದ್ರವದ ಔಷಧ 100 ಮಿಲಿಲೀಟರ್ ಮೀರಿದರೂ ಪ್ರಯಾಣಕ್ಕೆ ಬೇಕಾದಷ್ಟಕ್ಕೆ ವಿನಾಯಿತಿಯಿದೆ, ಆದರೆ ಚೀಟಿ ತೋರಿಸಬೇಕು. ಎಕ್ಸ್‌ರೇ ಯಂತ್ರದಲ್ಲಿ ಹಾಯ್ದರೆ ಗುಳಿಗೆ, ಇನ್ಸುಲಿನ್ ಕೆಡುವುದಿಲ್ಲ. ಮೈಗೆ ಅಂಟಿಸಿದ ಇನ್ಸುಲಿನ್ ಪಂಪ್, ಶುಗರ್ ಸೆನ್ಸರ್ ಇದ್ದವರು ಮಾತ್ರ ಕೈಯಿಂದ ತಪಾಸಣೆ ಮಾಡಿರೆಂದು ಕೇಳಿಕೊಳ್ಳಿ. ಹುಬ್ಬಳ್ಳಿಯಲ್ಲಿ ತಪಾಸಣೆ ಆಗಿದೆ ಎಂದರೆ ಮುಗಿಯಲಿಲ್ಲ, ವಿಮಾನ ಬದಲಿಸುವ ಕಡೆ ಮತ್ತೆ ಆಗುತ್ತದೆ. ಪತ್ರವನ್ನು ಪೌಚಿನ ಮೇಲಿನ ಜೇಬಿನಲ್ಲೇ ಇಡಿ.

ಆಕಾಶದಲ್ಲಿ ಹೊತ್ತಿನ ಲೆಕ್ಕ

ಭಾರತ ಮತ್ತು ಕ್ಯಾಲಿಫೋರ್ನಿಯಾ ನಡುವೆ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಅಂತರ. ಪಶ್ಚಿಮಕ್ಕೆ ಹೋಗುವಾಗ ದಿನ ಉದ್ದವಾಗುತ್ತದೆ, ಪೂರ್ವಕ್ಕೆ ಹೋಗುವಾಗ ಮೊಟಕಾಗುತ್ತದೆ. ಥೈರಾಯ್ಡ್ ಗುಳಿಗೆ ಕೆಲವು ಗಂಟೆ ಹಿಂದೆ ಮುಂದೆ ಆದರೆ ಏನೂ ಆಗದು, ಅದು ಮೈಯಲ್ಲಿ ದಿನಗಟ್ಟಲೆ ಉಳಿಯುವ ಔಷಧ. ಫಿಟ್ಸ್ ಗುಳಿಗೆ ಹಾಗಲ್ಲ. ಹುಬ್ಬಳ್ಳಿ ಸಮಯಕ್ಕೇ ಒಂದು ಗಡಿಯಾರ ಇಟ್ಟುಕೊಂಡು, ಅಷ್ಟೇ ಗಂಟೆಯ ಅಂತರದಲ್ಲಿ ನುಂಗುತ್ತಾ, ಮುಟ್ಟಿದ ಮೇಲೆ ಡಾಕ್ಟರು ಹೇಳಿದಂತೆ ನಿಧಾನ ಬದಲಿಸಿ. ಇನ್ಸುಲಿನ್ ತೆಗೆದುಕೊಳ್ಳುವವರು ವಿಮಾನದ ಸಮಯ ಬರೆದ ಟಿಕೆಟನ್ನೇ ಡಾಕ್ಟರ ಮುಂದಿಟ್ಟು, ಯಾವಾಗ ಎಷ್ಟು ಎಂದು ಬರೆಸಿಕೊಳ್ಳಬೇಕು. ಊಟದ ಇನ್ಸುಲಿನ್ ಅನ್ನು ಊಟದ ತಟ್ಟೆ ಕೈಗೆ ಬಂದ ಮೇಲೆಯೇ ತೆಗೆದುಕೊಳ್ಳಿ. ಗಾಳಿಯ ಕುಲುಕಾಟ ಶುರುವಾದರೆ ಊಟ ಹಂಚುವುದನ್ನೇ ನಿಲ್ಲಿಸುತ್ತಾರೆ. ಶುಗರ್ ಇಳಿದರೆ ಬಾಯಿಗೆ ಹಾಕಲು ಗ್ಲೂಕೋಸ್ ಬಿಸ್ಕತ್ತೋ ಬೆಲ್ಲದ ತುಂಡೋ ಜೇಬಿನಲ್ಲಿರಲಿ.

ಸಂಧಿವಾತಕ್ಕೆ ವಾರಕ್ಕೊಮ್ಮೆ ಮಾತ್ರ ನುಂಗುವ ಮೆಥೊಟ್ರೆಕ್ಸೇಟ್ ಇದ್ದರೆ, ವಾರದ ಯಾವ ದಿನ ಎಂದು ಸ್ಟ್ರಿಪ್ ಮೇಲೆಯೇ ಬರೆಯಿರಿ. ದಿನ ಗೊಂದಲವಾಗಿ ದಿನಾ ನುಂಗಿದರೆ ಅದು ಪ್ರಾಣಕ್ಕೇ ಕುತ್ತು. ಮೂತ್ರ ಹೋಗಿಸುವ ಬಿ.ಪಿ. ಗುಳಿಗೆಯನ್ನು ಎಷ್ಟೋ ಹೆಂಗಸರು ವಿಮಾನದಲ್ಲಿ ಎದ್ದು ಓಡಾಡುವ ಮುಜುಗರಕ್ಕೆ ಬಿಟ್ಟೇಬಿಡುತ್ತಾರೆ. ಬಿಡುವ ಬದಲು ನಡುದಾರಿಯ ಪಕ್ಕದ ಸೀಟು ಕೇಳಿ ಪಡೆಯಿರಿ, ಗುಳಿಗೆಯ ಹೊತ್ತನ್ನು ಡಾಕ್ಟರ ಬಳಿ ಕೇಳಿ ಬದಲಿಸಿಕೊಳ್ಳಿ.

ತಿರುಗಿ ಬರುವಾಗ

ಮಗ, ಸೊಸೆ ಪ್ರೀತಿಯಿಂದ ದೊಡ್ಡ ದೊಡ್ಡ ವಿಟಮಿನ್ ಡಬ್ಬಿ ಕಟ್ಟಿ ಕೊಡುತ್ತಾರೆ. ಸ್ವಂತಕ್ಕೆ ಬೇಕಾದಷ್ಟು ತರಲು ತೊಂದರೆಯಿಲ್ಲ, ಬಂಧುಬಳಗಕ್ಕೆಲ್ಲ ಹಂಚುವಷ್ಟು ತಂದರೆ ಕಸ್ಟಮ್ಸ್ ಪ್ರಶ್ನಿಸಬಹುದು. ನಿದ್ದೆಗೆ, ನೋವಿಗೆ ಎಂದು ಕೊಡುವ ಚೀಪುವ ಮಿಠಾಯಿಯಂಥ ಗಮ್ಮಿಗಳನ್ನು ತಿರುಗಿಸಿ ಓದಿ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಗಾಂಜಾ ಅಂಶದ ಗಮ್ಮಿ ಅಂಗಡಿಯಲ್ಲೇ ಸಿಗುತ್ತದೆ. ಇಲ್ಲಿ ಅದು ಮಾದಕ ವಸ್ತು ಕಾಯ್ದೆಗೆ ಬೀಳುತ್ತದೆ, ತಂದದ್ದು ಅಜ್ಜಿಯ ಮೊಣಕಾಲಿಗೆ ಎಂದರೆ ಕೇಳುವವರಿಲ್ಲ. ಅಲ್ಲಿಯ ಡಾಕ್ಟರು ಬದಲಿಸಿ ಕೊಟ್ಟ ಔಷಧದ ಚೀಟಿ, ಮಾಡಿಸಿದ ರಕ್ತ ಪರೀಕ್ಷೆಯ ವರದಿಗಳನ್ನು ತಂದು ಮೊದಲ ವಾರದಲ್ಲೇ ಊರಿನ ಡಾಕ್ಟರಿಗೆ ತೋರಿಸಿ. ಅಲ್ಲಿಯ ಹೊಸ ಗುಳಿಗೆ, ಮನೆಯಲ್ಲಿ ಉಳಿದ ಹಳೆಯ ಗುಳಿಗೆ ಎರಡನ್ನೂ ಸೇರಿಸಿ ನುಂಗುತ್ತಾ ತಲೆತಿರುಗಿ ಬಿದ್ದವರನ್ನು ನೋಡಿದ್ದೇನೆ. ಡಾಕ್ಟರು ಯಾವುದು ಉಳಿಯಬೇಕು ಎಂದು ಹೇಳುವವರೆಗೆ ಹಳೆಯ ಡಬ್ಬಿಯನ್ನು ತೆರೆಯಬೇಡಿ.